ಒದ್ದರೂ ಬೀಳದ ಗುಪ್ಪೆ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಬೆಳಿಗ್ಗೆ ಎಂಟೂಕಾಲಿಗೆ ಕಣಿವೆಯ ಠಾಣೆಯ ಬಾಗಿಲು ತಳ್ಳಿಕೊಂಡು ಹೊಲಿಗೆಯಂಗಡಿಯ ಹೆಂಗಸು ಒಳಗೆ ಬಂದಳು. ಅಳತೆಯ ಟೇಪು ಕೊರಳಲ್ಲಿ ಹಾಗೇ ನೇತಾಡುತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕಳ್ಳತನದ ದೂರು ಕೊಡ್ಬೇಕು" ಅಂದಳು.

ಹೆಡ್ ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ತೆಗೆದ. ಕಡ್ಡಿಯಂಥ ಕಾಲಿನ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಆಳು. ಊರೆಲ್ಲ ಅವನನ್ನು ಕೊಕ್ಕರೆ ಎಂದೇ ಕರೆಯುತ್ತಿತ್ತು, ಅವನೂ ಬೇಜಾರಿಲ್ಲದೆ ಓಗೊಡುತ್ತಿದ್ದ.

"ಏನು ಹೋಗಿದೆ?"

"ದಾರಿ. ಮೇಲಿನ ಬಯಲಿನ ದಾರೀನ ಯಾರೋ ಎತ್ತಿ ಬೇರೆ ಕಡೆ ಇಟ್ಟಿದಾರೆ."

ಕೊಕ್ಕರೆ ಪೆನ್ನಿನ ಮುಚ್ಚಳ ಮತ್ತೆ ಹಾಕಿದ. ನಗು ತಡೆಯಲು ಅವನು ಕೆಮ್ಮಿದ್ದು ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರಿಗೆ ಕೇಳಿಸಿತು. ಆಕೆ ಎದ್ದು ಬಂದರು. ಬಯಲುಸೀಮೆಯಿಂದ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಮೈ ಸ್ವಲ್ಪ ಭಾರ, ಮಂಡಿಗಳಿಗೂ ಏರುದಾರಿಗೂ ಎಣ್ಣೆ ಸೀಗೇಕಾಯಿ. ಆದರೆ ದೂರು ಕೊಡಲು ಬಂದವರನ್ನು ನಿಲ್ಲಿಸಿಕೊಂಡು ನಗುವ ಠಾಣೆ ಅವರದಲ್ಲ.

"ಕೂತ್ಕೊಳಮ್ಮ. ಮೊದಲಿಂದ ಹೇಳು."

ವಿಷಯ ಅರ್ಧ ಎಲ್ಲರಿಗೂ ಗೊತ್ತಿದ್ದದ್ದೇ. ಹೊಲಿಗೆಯವಳ ಅಪ್ಪ ಕಣಿವೆಯ ಹಿರಿಯ ಗೈಡು. ತಲೆ ನರೆಯುವ ತನಕ ಜನರನ್ನು ಮೇಲಿನ ಬಯಲು ದಾಟಿಸಿದವನು. ಮೊನ್ನೆ ಭಾನುವಾರ ಮಂಜಿನಲ್ಲಿ ಐದು ಜನರನ್ನು ಕರೆದುಕೊಂಡು ಹೋಗಿ ಅಷ್ಟೂ ಜನರನ್ನು ಜೌಗಿನೊಳಗೆ ನಿಲ್ಲಿಸಿದ್ದ. ಅವರಲ್ಲಿ ಶಾಲೆಯ ಸಂಗೀತದ ಟೀಚರ್ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ದಾರಿ ಸಮಿತಿಯವರು ಗೈಡಿನ ಬಿಲ್ಲೆ ಕಿತ್ತುಕೊಂಡಿದ್ದರು, ಶುಕ್ರವಾರ ವಿಚಾರಣೆ. ಅಲ್ಲಿ ತಪ್ಪು ಅವನದೇ ಎಂದಾದರೆ ಬಿಲ್ಲೆ ಮತ್ತೆ ಸಿಗುವುದಿಲ್ಲ. ಮುದುಕನಿಗೆ ಕಣ್ಣು ಮಂಜಾಗಿದೆಯಂತೆ, ಬೆಳಿಗ್ಗೆಯೇ ಏರಿಸಿದ್ದನಂತೆ ಎಂದು ಚಹಾದಂಗಡಿಯ ಬೆಂಚಿನ ಮೇಲೆ ಆಗಲೇ ತೀರ್ಪು ಬರೆದಾಗಿತ್ತು.

"ನಮ್ಮಪ್ಪ ಗುಪ್ಪೆ ನೋಡ್ಕೊಂಡೇ ನಡೆದಿದ್ದು ಮೇಡಂ. ಗುಪ್ಪೆ ಇತ್ತು, ದಾರಿ ಇರ್ಲಿಲ್ಲ. ಮೂರು ದಿನದಿಂದ ಮನುಷ್ಯ ಊಟ ಮಾಡಿಲ್ಲ. ದಾರಿ ತಪ್ಪಿಸಿದೋನು ಅನ್ನಿಸ್ಕೊಂಡು ಅವರು ಬದುಕಲ್ಲ."

ಮೇಲಿನ ಬಯಲಿನಲ್ಲಿ ಗುರುತಿಗೊಂದು ಮರವಿಲ್ಲ. ಕಣ್ಣು ಹಾಯುವಷ್ಟೂ ಒರಟು ಹುಲ್ಲು, ಮಂಡಿಯೆತ್ತರದ ಕಂದು ಪೊದೆ, ನಡುನಡುವೆ ಕಪ್ಪು ನೀರಿನ ಜೌಗು. ಕಾಲುದಾರಿ ಹುಲ್ಲಿನಲ್ಲಿ ಕಂಡಷ್ಟು ಕಂಡು ಮಾಯವಾಗುತ್ತದೆ. ಮಂಜು ಇಳಿದರೆ ಕಲ್ಲಿನ ಗುಪ್ಪೆಗಳೇ ಗತಿ, ಒಂದರ ಹತ್ತಿರ ನಿಂತರೆ ಇನ್ನೊಂದು ಮಸುಕಾಗಿ ಕಾಣಬೇಕು. ಆ ಕಡೆ ಹೋದವರು ಪ್ರತಿ ಗುಪ್ಪೆಗೂ ಒಂದು ಕಲ್ಲು ಹಾಕುವುದು ವಾಡಿಕೆ. ಮೇಲಿನ ಕಲ್ಲುಗಳಿಗೆ ವರ್ಷಕ್ಕೊಮ್ಮೆ ಸಮಿತಿಯವರು ಬಿಳಿ ಬಣ್ಣ ಬಳಿಯುತ್ತಾರೆ.

"ದಾರಿ ಕಳವು ಅಂತ ಬರೀಲಾ ಮೇಡಂ? ಬೆಲೆ ಎಷ್ಟು ಹಾಕ್ಲಿ?" ಕೊಕ್ಕರೆ ಕೇಳಿದ.

"ಸಾರ್ವಜನಿಕ ದಾರಿಗೆ ಅಡ್ಡಿ, ಅದರಿಂದ ಗಾಯ ಅಂತ ಬರಿ. ಬೆಲೆ ಬರಿಯೋದು ಬಿಡು. ನಗೋದೂ ಬಿಡು."

ಒಂಬತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಒಂಬತ್ತೂವರೆಗೆ ಇನ್‌ಸ್ಪೆಕ್ಟರ್ ಗೈಡಿನ ಮನೆಯಲ್ಲಿದ್ದರು. ಬಾಗಿಲ ಬಳಿ ಪಾಲಿಶ್ ಮಾಡಿದ ಬೂಟುಗಳು ಹೊರಡಲು ಸಿದ್ಧವಾದಂತೆ ಕೂತಿದ್ದವು. ಮುದುಕ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಆ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು.

"ಆವತ್ತು ಕುಡಿದಿದ್ರಾ?"

"ಚಹಾ."

"ಕಣ್ಣು ಸರಿಯಾಗಿ ಕಾಣುತ್ತಾ?"

"ನಿಮ್ಮ ಅಂಗಿಯ ಮೂರನೇ ಗುಂಡಿ ಬಿಚ್ಚಿದೆ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿ ಗುಂಡಿ ಹಾಕಿಕೊಂಡರು.

"ಅದಕ್ಕೆ ಮುಂಚೆ ಯಾವಾಗ ಆ ದಾರೀಲಿ ಹೋಗಿದ್ರಿ?"

"ಗುರುವಾರ. ಎಲ್ಲಾ ಸರಿಯಾಗಿತ್ತು."

"ಯಾರ ಮೇಲಾದ್ರೂ ಅನುಮಾನ?"

ಮುದುಕ ಇಲ್ಲವೆಂದು ತಲೆಯಾಡಿಸಿದ. ಮಗಳು ತಡೆಯಲಾರದೆ ಹೇಳಿದಳು: "ಕಿರಿ ಗೈಡು. ಅಪ್ಪ ಹೋದ್ರೆ ಇರೋ ಬರೋ ಗಿರಾಕಿ ಎಲ್ಲಾ ಅವನಿಗೇ. ಮುದುಕನ ಕಾಲ ಮುಗೀತು ಅಂತ ಚಹಾದಂಗಡೀಲಿ ಹೇಳ್ಕೊಂಡು ತಿರುಗ್ತಿದಾನೆ."

"ನಾಲಿಗೆ ಉದ್ದ ಅಷ್ಟೆ" ಅಂದ ಮುದುಕ. "ಕಲ್ಲು ಹೊರೋ ಆಸಾಮಿ ಅಲ್ಲ. ಗಿರಾಕಿ ಚೀಲಾನೇ ಹೊರಲ್ಲ ಅವನು."

ಮಧ್ಯಾಹ್ನ ಒಂದಕ್ಕೆ ಹಿರಿಯ ಗೈಡನ್ನು ಮುಂದಿಟ್ಟುಕೊಂಡು ಸ್ಥಳ ಪಂಚನಾಮೆಗೆ ಹೊರಟರು. ಸಾಕ್ಷಿಗೆ ಇಬ್ಬರು ಪಂಚರು ಬೇಕು. ಚಹಾದಂಗಡಿಯವನನ್ನು ಕರೆದುಕೊಂಡೇ ಬಂದಿದ್ದರು. ಇನ್ನೊಬ್ಬ ದಾರಿಯಲ್ಲೇ ಸಿಕ್ಕ. ಬಯಲಿನ ಅಂಚಿನಲ್ಲಿ ಕಾಲುದಾರಿಯ ಮಗ್ಗುಲಿಗೇ ಒಂದು ಹಳೆಯ ಕಲ್ಲುಗೋಡೆ ಸಾಗುತ್ತದೆ. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು ಕೂತು ನಿಂತ ಗೋಡೆ. ಅದರಾಚೆ ಕುರಿಗಳು. ಗೋಡೆ ಕಟ್ಟುವುದೇ ಕಸುಬಾದವನು ಅಲ್ಲಿ ಒಂದು ಕಿಂಡಿ ಮುಚ್ಚುತ್ತಿದ್ದ. ಕರೆದ ತಕ್ಷಣ ಕೈ ಕೊಡವಿಕೊಂಡು ಬಂದ. ಮಾತು ಕಮ್ಮಿಯ, ಅಗಲ ಅಂಗೈಯ ಮನುಷ್ಯ.

ಇನ್‌ಸ್ಪೆಕ್ಟರ್ ಎರಡು ಸಲ ಉಸಿರು ತೆಗೆದುಕೊಳ್ಳಲು ನಿಂತರು. ಎರಡೂ ಸಲ ಅದು ದೃಶ್ಯ ನೋಡುವ ನೆಪವಾಯಿತು. ನೋಡುವಂಥದ್ದೇ ಅನ್ನಿ, ಕೆಳಗೆ ತೊರೆ ಹೊಳೆಯುತ್ತಿತ್ತು, ಮೋಡದ ನೆರಳು ಇಡೀ ಬಯಲನ್ನು ಸವರಿಕೊಂಡು ಹೋಗುತ್ತಿತ್ತು.

ಗೋಡೆ ಮುಗಿಯುವ ಕಡೆ ಹಿರಿಯ ಗೈಡು ನಿಂತ. "ಮೊದಲನೇದು ಇಲ್ಲಿತ್ತು."

ಅಲ್ಲಿ ಗುಪ್ಪೆ ಇರಲಿಲ್ಲ. ಹುಲ್ಲಿನಲ್ಲಿ ಒಂದು ಹಳದಿ ವೃತ್ತವಿತ್ತು, ಬ್ಯಾಂಡೇಜು ಬಿಚ್ಚಿದ ಜಾಗದ ಚರ್ಮದ ಹಾಗೆ ಪೇಲವ. ಮುಂದೆ ಅಂಥವೇ ಇನ್ನೆರಡು. ಕಲ್ಲುಗಳು ಮಾತ್ರ ಎಡಕ್ಕೆ ಹೊರಳಿದ್ದವು. ಮೂರು ಗುಪ್ಪೆಗಳು ಒಂದರ ಹಿಂದೊಂದು ಸಾಧು ಪ್ರಾಣಿಗಳಂತೆ ನಿಂತು ಜೌಗಿನ ಕಡೆಗೆ ಕರೆಯುತ್ತಿದ್ದವು.

ಹೊಲಿಗೆಯವಳು ಹೇಳಿದ್ದು ಅಕ್ಷರಶಃ ನಿಜ. ಯಾರೋ ದಾರಿಯನ್ನು ಎತ್ತಿ ಬೇರೆ ಕಡೆ ಇಟ್ಟಿದ್ದರು.

ಫೋಟೋ ತೆಗೆದಾದ ಮೇಲೆ ಇನ್‌ಸ್ಪೆಕ್ಟರ್, "ಕೆಡವು ಅದನ್ನ. ಇನ್ನೊಬ್ಬರು ಬಂದು ಬೀಳೋದು ಬೇಡ" ಅಂದರು.

ಕೊಕ್ಕರೆ ಕೆಲಸ ಬೇಗ ಮುಗಿಯಲಿ ಎಂದು ಜಾಡಿಸಿ ಒದ್ದ. ಗುಪ್ಪೆ ಅಲ್ಲಾಡಲಿಲ್ಲ. ಕೊಕ್ಕರೆ ಅಲ್ಲಾಡಿದ. ಒಂಟಿ ಕಾಲಿನಲ್ಲಿ ಕುಣಿಯುತ್ತ, "ಅಯ್ಯಯ್ಯೋ ಬೆರಳು!" ಎಂದು ಕಿರುಚಿದ.

"ಈಗ ನಿಜವಾದ ಕೊಕ್ಕರೆ ಆದೆ" ಎಂದ ಚಹಾದಂಗಡಿಯವನು.

ಹಿರಿಯ ಗೈಡಿಗೂ ಮೂರು ದಿನಗಳಲ್ಲಿ ಮೊದಲ ಸಲ ನಗು ಬಂತು. ಗೋಡೆಯವನ ತುಟಿಯ ಅಂಚಿನಲ್ಲೂ ಒಂದು ನಗೆ ಸುಳಿದು ಹೋದದ್ದನ್ನು ಇನ್‌ಸ್ಪೆಕ್ಟರ್ ನೋಡಿದರು. ಎಲ್ಲರೂ ನಗುತ್ತಿದ್ದಾಗ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಮುಂದೆ ಯಾರೂ ಮುಟ್ಟದ ಹಳೆಯ ಗುಪ್ಪೆಯೊಂದಿತ್ತು. ಕುಂಟುತ್ತ ಬಂದ ಕೊಕ್ಕರೆ ಆಸರೆಗೆಂದು ಅದರ ಮೇಲೆ ಕೈಯಿಟ್ಟ. ಅದರ ತಲೆ ಗಳಗಳನೆ ಕುಸಿಯಿತು. "ಈ ಬೆಟ್ಟಕ್ಕೆ ನನ್ನ ಕಂಡ್ರೆ ಆಗಲ್ಲ ಮೇಡಂ" ಅಂದ.

ಎಡಕ್ಕೆ ಹೊರಳಿದ್ದ ಗುಪ್ಪೆಗಳನ್ನು ಕೊನೆಗೆ ಒಂದೊಂದೇ ಕಲ್ಲು ಕಿತ್ತು ಕೆಡವಬೇಕಾಯಿತು. ಪಂಚನಾಮೆಗೆ ಇಬ್ಬರು ಪಂಚರೂ ಸಹಿ ಹಾಕಿದರು.

ಸಂಜೆ ಐದಕ್ಕೆ ಕಿರಿ ಗೈಡನ್ನು ಠಾಣೆಗೆ ಕರೆಸಿದರು. ಒಂದು ಕೆನ್ನೆ ಬನ್ನಿನಂತೆ ಊದಿಕೊಂಡಿತ್ತು.

"ಶುಕ್ರವಾರ, ಶನಿವಾರ ಎಲ್ಲಿದ್ದೆ?"

"ಶುಕ್ರವಾರ ದವಡೆ ಹಲ್ಲು ಕೀಳಿಸ್ದೆ. ಶನಿವಾರ ಹಾಸಿಗೆ."

"ಹಲ್ಲು ಕಿತ್ತ ಮೇಲೂ ಚಹಾದಂಗಡೀಲಿ ಬಾಯಿಗೇನೂ ಕಮ್ಮಿ ಇರ್ಲಿಲ್ವಂತೆ?"

"ಮಾತಾಡಿದ್ದು ನಿಜ ಮೇಡಂ. ಕಲ್ಲು ಮುಟ್ಟಿಲ್ಲ."

ನಂಬಬಹುದು, ನಂಬದೆಯೂ ಇರಬಹುದು. ಅವನನ್ನು ಕಳಿಸಿ ಹೊರಗೆ ಬಂದರೆ ಕೊಕ್ಕರೆ ಬಕೆಟ್ಟಿನ ನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಒಂದು ಮುಟ್ಟಿದ್ರೆ ಬೀಳುತ್ತೆ, ಇನ್ನೊಂದು ಒದ್ರೂ ಬೀಳಲ್ಲ. ಯಾವ ನ್ಯಾಯ ಮೇಡಂ ಇದು?"

ಇನ್‌ಸ್ಪೆಕ್ಟರ್ ಅವನ ಹೆಬ್ಬೆರಳನ್ನೇ ನೋಡುತ್ತ ನಿಂತರು. ನಡೆಯುವವರು ಗುಪ್ಪೆಗೆ ಕಲ್ಲು ಹಾಕುತ್ತಾರೆ. ಹಾಕಿ ಮುಂದೆ ಹೋಗುತ್ತಾರೆ. ಹಾಕಿದ ಕಲ್ಲು ಬೀಳುತ್ತದೆ. ಬೀಳದೆ ನಿಂತಿದ್ದರೆ ಅದನ್ನು ಯಾರೂ ಹಾಕಿದ್ದಲ್ಲ, ಕಟ್ಟಿದ್ದು. ಕಟ್ಟುವ ಕೈ ಆ ಬಯಲಿನಲ್ಲಿ ಒಂದೇ. ತುಟಿಯಂಚಿನಲ್ಲಿ ಸುಳಿದ ಆ ನಗೆ ಕೊಕ್ಕರೆಯ ಕುಣಿತಕ್ಕೆ ಬಂದದ್ದಲ್ಲ. ತನ್ನ ಕೆಲಸ ಒದೆಗೂ ಜಗ್ಗದ್ದನ್ನು ಕಂಡವನ ನಗೆ ಅದು.

"ನಿನ್ನ ಬೆರಳು ಸಾರ್ಥಕವಾಯ್ತು" ಎಂದರು. ಕೊಕ್ಕರೆಗೆ ತಲೆಬುಡ ತಿಳಿಯಲಿಲ್ಲ.

ಆದರೆ ತುಟಿಯಂಚಿನ ನಗೆಯನ್ನು ಕೋರ್ಟಿಗೆ ಹಾಜರುಪಡಿಸಲು ಬರುವುದಿಲ್ಲ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಗುಪ್ಪೆಗಳನ್ನು ಅವುಗಳ ಜಾಗಕ್ಕೆ ಮರಳಿಸಬೇಕು, ಆಳು ಸಾಲದು ಎಂದು ಹೇಳಿ ಕಿರಿ ಗೈಡನ್ನೂ ಗೋಡೆಯವನನ್ನೂ ಬಯಲಿಗೆ ಬರಹೇಳಿದರು. ಹಿರಿಯ ಗೈಡು ಹಳದಿ ವೃತ್ತಗಳನ್ನು ತೋರಿಸಿದ. ಒಬ್ಬೊಬ್ಬರಿಗೆ ಒಂದೊಂದು ವೃತ್ತ.

ಕಿರಿ ಗೈಡು ಕೆನ್ನೆ ಹಿಡಿದುಕೊಂಡೇ ಕಲ್ಲು ತಂದು ಧೊಪ್ಪನೆ ಹಾಕಿದ. ಒಂದು ಉರುಳಿ ಅವನ ಕಾಲ ಹತ್ತಿರವೇ ಬಂತು. ಅದನ್ನು ಬೈದು ಮತ್ತೆ ಎಸೆದ.

ಗೋಡೆಯವನು ಒಂದು ಕಲ್ಲು ಎತ್ತಿ ಅಂಗೈಯಲ್ಲಿ ಒಮ್ಮೆ ತಿರುಗಿಸಿ ಕೂರಿಸಿದ. ಇನ್ನೊಂದು ಎತ್ತಿದ, ತಿರುಗಿಸಿದ, ಎರಡರ ಸಂದಿಗೆ ಕೂರಿಸಿದ. ಎತ್ತಿದ ಯಾವ ಕಲ್ಲನ್ನೂ ಮತ್ತೆ ನೆಲಕ್ಕಿಡಲಿಲ್ಲ.

"ಅಷ್ಟು ಚಂದ ಯಾಕಪ್ಪಾ? ಗುಪ್ಪೆ ತಾನೇ, ಸುಮ್ನೆ ಸುರಿ" ಎಂದರು ಇನ್‌ಸ್ಪೆಕ್ಟರ್.

ಅವನ ಕೈ ನಿಂತಿತು. ಇನ್‌ಸ್ಪೆಕ್ಟರನ್ನು ನೋಡಿದ. ಪಕ್ಕದ ವೃತ್ತದ ರಾಶಿಯನ್ನು ನೋಡಿದ. ಆಮೇಲೆ ತೋಳು ತುಂಬ ಕಲ್ಲು ಹೊತ್ತು ತಂದು ಸುರಿದ. ಸುರಿದು ಎರಡು ಹೆಜ್ಜೆ ಹಿಂದೆ ಸರಿದ. ಪಾಪ, ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೇಲಿನದೊಂದು ಕಲ್ಲು ಅಡ್ಡಾದಿಡ್ಡಿ ಕೂತಿತ್ತು. ಅದನ್ನೇ ನೋಡುತ್ತ ನಿಂತ. ಕೈ ಮುಷ್ಟಿ ಮಾಡಿಕೊಂಡ, ಬಿಚ್ಚಿದ. ಕೊನೆಗೆ ಬಗ್ಗಿ ಅದನ್ನು ತಿರುಗಿಸಿ ನೆಟ್ಟಗೆ ಕೂರಿಸಿದ.

ಇನ್‌ಸ್ಪೆಕ್ಟರ್ ಹಿಂದೆ ತಿರುಗಿದರು.

"ಕೊಕ್ಕರೆ, ಇವರು ಸುರಿಯೋಕೆ ಮುಂಚೆ ಕೂರಿಸಿದ ಕೆಳಗಿನ ಸಾಲು ಒದಿ ನೋಡೋಣ."

"ಬೇಡ ಮೇಡಂ. ನನಗಿರೋದು ಇನ್ನೊಂದೇ ಕಾಲು."

ಇನ್‌ಸ್ಪೆಕ್ಟರ್ ಗೋಡೆಯ ಕಡೆ ನಡೆದರು. ಹೊಸದಾಗಿ ಮುಚ್ಚಿದ ಕಿಂಡಿಯ ಮುಂದೆ ನಿಂತು, "ಇಲ್ಲಿಂದ ಒಂದು ಕಲ್ಲು ತೆಗೀತೀರಾ? ನಾನು ತೆಗೆದ್ರೆ ಗೋಡೇನೇ ಬಿದ್ದೀತು" ಅಂದರು.

ಗೋಡೆಯವನು ಗೋಡೆಯ ಮೇಲೆ ಅಂಗೈ ಸವರಿದ. ಆಮೇಲೆ ಯಾವುದನ್ನು ತೆಗೆದರೆ ಉಳಿದದ್ದು ಬೀಳುವುದಿಲ್ಲವೋ ಅದನ್ನೇ ಹುಡುಕಿ ಎಳೆದು ಅವರ ಕೈಗೆ ಕೊಟ್ಟ. ಕಲ್ಲಿನ ಒಳಮೈಗೆ ಸಮಿತಿಯ ಬಿಳಿ ಬಣ್ಣ ಮೆತ್ತಿತ್ತು.

"ನಾನೇ ಮೇಡಂ" ಅಂದ.

ಬೆಳಿಗ್ಗೆ ಹತ್ತೂ ನಲವತ್ತಕ್ಕೆ ದಸ್ತಗಿರಿ ಆಯಿತು.

ಕೊಕ್ಕರೆ ತಲೆ ಕೆರೆದುಕೊಂಡ. "ಮೇಡಂ, ನಮ್ಮ ಪಂಚನೇ ಆರೋಪಿ. ನಿನ್ನೆ ಪಂಚನಾಮೆ ಏನು ಮಾಡೋದು?"

"ಹೊಸದು ಬರಿ. ಹಳೇದನ್ನೂ ಫೈಲಲ್ಲಿಡು. ತಾನು ಕಟ್ಟಿದ್ದಕ್ಕೆ ತಾನೇ ಸಹಿ ಹಾಕಿದಾನೆ, ಸುಳ್ಳೇನಲ್ಲ."

ಠಾಣೆಯ ಬೆಂಚಿನ ಮೇಲೆ ಅವನು ಹೇಳಿಕೆ ಕೊಟ್ಟ. ಆ ಗೋಡೆ ಅವನ ಅಪ್ಪ ಕಟ್ಟಿದ್ದು. ಬಯಲಿನಲ್ಲಿ ಬಿಡಿ ಕಲ್ಲು ಸಿಗುವುದಿಲ್ಲ, ಹುಲ್ಲಿನ ಬುಡ ಕೆದಕಬೇಕು. ಗೋಡೆಯಲ್ಲಾದರೆ ಕೈಗೆಟಕುತ್ತದೆ. ನಡೆಯಲು ಬಂದವರು ಒಬ್ಬೊಬ್ಬರೂ ಗೋಡೆಯಿಂದ ಒಂದು ಕಿತ್ತುಕೊಂಡು ಹೋಗಿ ಗುಪ್ಪೆಗೆ ಹಾಕುತ್ತಿದ್ದರು.

"ಕೇಳಿದ್ರೆ, ಒಂದೇ ತಾನೇ ಅಂತಾರೆ. ಎಲ್ಲರದ್ದೂ ಒಂದೇ. ನಾನು ಕಟ್ಟೋದು, ಅವರು ಕೀಳೋದು. ಹೋದ ವಾರ ಕಿಂಡಿ ದಾಟಿ ಎರಡು ಕುರಿ ಜೌಗಿಗೆ ಬಿದ್ದು ಸತ್ತವು. ಸಮಿತಿಗೆ ಹೇಳ್ದೆ, ನಕ್ಕರು. ನನ್ನ ಕಲ್ಲು ನಾನು ವಾಪಸ್ ತಗೊಂಡೆ. ಉಳಿದದ್ದರಲ್ಲಿ ದಾರೀನ ಗೋಡೆಯಿಂದ ಆಚೆ ತಿರುಗಿಸ್ದೆ."

"ಜೌಗಿನ ಕಡೆಗೆ?"

"ಬೇಸಿಗೇಲಿ ಅದು ಗಟ್ಟಿ ನೆಲ. ಕುರಿ ಬಿದ್ದದ್ದು ಇನ್ನೂ ಕೆಳಗೆ. ಶನಿವಾರದ ಮಳೆ ಅಲ್ಲೀತನಕ ನೀರು ತರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

"ಟೀಚರ್ ಕಾಲು ಮುರೀತು, ಗೈಡಿನ ಬಿಲ್ಲೆ ಹೋಯ್ತು ಅಂತ ಗೊತ್ತಾದ ಮೇಲೆ?"

"ಶುಕ್ರವಾರದೊಳಗೆ ಹೇಳ್ಬೇಕು ಅಂದ್ಕೊಂಡಿದ್ದೆ."

"ಹೇಳ್ತಿದ್ರಾ?"

ಅವನು ಅಂಗೈಗಳನ್ನು ನೋಡಿಕೊಂಡ. "ಗೊತ್ತಿಲ್ಲ" ಅಂದ. ಕೊಕ್ಕರೆ ಅದನ್ನೂ ಹಾಗೆಯೇ ಬರೆದ.

ಶುಕ್ರವಾರ ಸಮಿತಿಯ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಇನ್‌ಸ್ಪೆಕ್ಟರ್ ಬಿಳಿ ಬಣ್ಣದ ಕಲ್ಲನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿ ಕೂತರು. ಕುರಿಯ ಮಾತಿಗೆ ನಕ್ಕಿದ್ದ ಅಧ್ಯಕ್ಷರು ಈಗ ನಗಲಿಲ್ಲ. ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಹೊಲಿಗೆಯವಳು ಅದನ್ನು ಕಸಿದುಕೊಂಡಂತೆ ತೆಗೆದುಕೊಂಡು ಅಪ್ಪನ ಎದೆಗೆ ಚುಚ್ಚಿದಳು. ಬಿಲ್ಲೆ ಸ್ವಲ್ಪ ಸೊಟ್ಟಗಾಯಿತು. ದಿನವಿಡೀ ಅಂಚು ಸರಿಪಡಿಸುವವಳಿಗೆ ಅದು ಕಾಣಲೇ ಇಲ್ಲ. ಊರುಗೋಲಿನ ಮೇಲೆ ಬಂದಿದ್ದ ಸಂಗೀತದ ಟೀಚರ್ ಮೊದಲು ಚಪ್ಪಾಳೆ ತಟ್ಟಿದಳು, ಆಮೇಲೆ ಕಿಟಕಿಗಳೆಲ್ಲ ಅದುರಿದವು.

ಶನಿವಾರ ಬೆಳಿಗ್ಗೆ ಹಿರಿಯ ಗೈಡು ಮುಂದೆ, ಅರ್ಧ ಊರು ಹಿಂದೆ. ಬೆಂಚಿನ ಮೇಲೆ ತೀರ್ಪು ಬರೆದವರೆಲ್ಲ ಬೂಟಿನ ದಾರ ಬಿಗಿದು ಬಂದಿದ್ದರು. ಕಿರಿ ಗೈಡು ಕೇಳದೆಯೇ ಎರಡು ಚೀಲ ಹೊತ್ತಿದ್ದ. ಇನ್‌ಸ್ಪೆಕ್ಟರ್ ಒಂದೇ ಸಲ ನಿಂತರು.

ಗೋಡೆಯ ಬಳಿ ಮುದುಕ ಕೈಯೆತ್ತಿದ. "ಇಲ್ಲಿಂದ ಯಾರೂ ಕಲ್ಲು ಮುಟ್ಟಬಾರ್ದು. ನನಗೇ ಇಷ್ಟು ವರ್ಷ ಕಾಣ್ಲಿಲ್ಲ. ಗುಪ್ಪೇಲಿ ಹೆಚ್ಚಿಗೆ ಇರೋದನ್ನ ಬರುವಾಗ ಒಂದೊಂದು ವಾಪಸ್ ತನ್ನಿ."

ತಂದರು. ಇಳಿಯುವಾಗ ಇನ್‌ಸ್ಪೆಕ್ಟರ್ ತಮ್ಮ ಪಾಲಿನ ಕಲ್ಲನ್ನು ಗೋಡೆಯ ಕಿಂಡಿಯಲ್ಲಿಟ್ಟರು. ಉರುಳಿ ಬಿತ್ತು. ತಿರುಗಿಸಿ ಇಟ್ಟರು. ಮತ್ತೆ ಬಿತ್ತು.

"ಒದೀಲಾ ಮೇಡಂ?" ಎಂದ ಕೊಕ್ಕರೆ.

"ಬಿಡು. ಸೋಮವಾರ ಜಾಮೀನು ಸಿಗುತ್ತೆ. ಕಟ್ಟೋರು ಬಂದು ಕಟ್ಟಲಿ."

ಅವರು ಕಲ್ಲನ್ನು ಗೋಡೆಯ ಬುಡದಲ್ಲಿಟ್ಟರು. ಹಿಂದಿದ್ದವರು ಅದರ ಪಕ್ಕಕ್ಕೆ ತಮ್ಮದನ್ನಿಟ್ಟರು. ಕೊನೆಯವರು ಇಳಿಯುವ ಹೊತ್ತಿಗೆ ಕಿಂಡಿಯಿಂದ ಕಿಂಡಿಗೆ, ಗೋಡೆಯ ಉದ್ದಕ್ಕೂ, ಕಲ್ಲುಗಳು ಸಾಲಾಗಿ ಕಾದು ಕೂತಿದ್ದವು.