ದಾಳಿಂಬೆಗೆ ಮೂರು ವರ್ಷ

ಹರ್ರಾನ್ ಅಂತ ಒಂದು ಊರಿತ್ತಂತೆ. ಅಲ್ಲಿನ ಸಾಬಿಯರು ಸೂರ್ಯ, ಚಂದ್ರ, ನಕ್ಷತ್ರಗಳಿಗೆ ಅಡ್ಡಬೀಳುತ್ತಿದ್ದರಂತೆ. ಗಿಡ ಬೇಗ ಫಲ ಕೊಡಲೆಂದು ಬುಡಕ್ಕೆ ಮಂತ್ರದ ನೀರು ಚಿಮುಕಿಸಿ, ಮೊದಲ ಹಣ್ಣನ್ನು ಗ್ರಹದ ಮೂರ್ತಿಗೆ ಇಡುತ್ತಿದ್ದರಂತೆ. ಅವರ ನಡುವೆಯೇ ಬೆಳೆದ ಅಬ್ರಹಾಮ ಒಂದು ಸಂಜೆ ಕೇಳಿದನಂತೆ, “ದಿನಾ ಮುಳುಗೋ ಈ ಸೂರ್ಯನನ್ನ ನಡೆಸೋನು ಯಾರು?”

ಆ ಒಂದು ಪ್ರಶ್ನೆಯಿಂದಲೇ ನಾವು ಯೆಹೂದ್ಯರೆಲ್ಲ ಹುಟ್ಟಿದ್ದು ಅನ್ನುತ್ತಿದ್ದಳು ಅಜ್ಜಿ. ಆ ಸಾಬಿಯರ ಅವಸರ ನಮಗೆ ಬೇಡವೆಂದೇ ನೆಟ್ಟ ಗಿಡದ ಹಣ್ಣನ್ನು ನಾವು ಮೂರು ವರ್ಷ ಮುಟ್ಟುವುದಿಲ್ಲ.

ನಾನು ನಕಲು ಮಾಡುತ್ತಿದ್ದ ಪುಸ್ತಕದಲ್ಲೂ ಅದೇ ಮಾತಿತ್ತು. ಅಪ್ಪ ನಮ್ಮ ಫುಸ್ತಾತ್ ಊರಿನ ಹಳೆಯ ಲಿಪಿಕಾರ. ಕಣ್ಣಿಗೆ ಪೊರೆ ಬಂದ ಮೇಲೆ ಅವರ ಕೆಲಸಕ್ಕೆ ನನ್ನ ಕೈ. ಮಸಿ ಮಾರುವ ಹುಡುಗ ಪೆರಹ್ಯಾ ನನ್ನನ್ನು ಹೆಣ್ಣು ಕೇಳಲು ಬಂದಾಗ ಅಪ್ಪ ಅಂದದ್ದು ಇಷ್ಟೇ: “ಪಾಠಶಾಲೆಗೆ ಮಾತು ಕೊಟ್ಟಿದ್ದೀನಪ್ಪ. ಪುಸ್ತಕ ಮುಗೀಲಿ, ಆಮೇಲೆ ಮದುವೆ.”

ಅವನು ಅಂದೇ ನಮ್ಮ ಅಂಗಳದಲ್ಲಿ ದಾಳಿಂಬೆ ಸಸಿ ನೆಟ್ಟ. “ಇದರ ಹಣ್ಣು ತಿನ್ನೋ ಹೊತ್ತಿಗೆ ಮುಗಿಸ್ತೀಯಾ, ತುರ್ಫಾ?”

“ಮುಗಿಸ್ತೀನಿ.”

ಮೂರು ವರ್ಷ ತುಂಬಿತು. ಹಣ್ಣು ಕೆಂಪಾಯಿತು. ಕೊನೆಯ ಹಾಳೆ ಮಾತ್ರ ಮುಗಿಯಲಿಲ್ಲ.

ಪರ್ಣಶಾಲೆ ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಅವನು ಬಂದ. ನನ್ನ ಮಸಿಕುಡಿಕೆ ಬಾಗಿಸಿ ನೋಡಿದ.

“ಆರು ತಿಂಗಳ ಹಿಂದೆ ಪಸ್ಕಹಬ್ಬಕ್ಕೆ ತುಂಬಿಸಿಕೊಟ್ಟಿದ್ದು ಇದು. ಇನ್ನೂ ಕುತ್ತಿಗೆವರೆಗೆ ಇದೆ. ನೀರಲ್ಲಿ ಬರೀತಿದ್ದೀಯಾ?”

“ಹೋಗೋ!”

“ಮಸಿ ಮಾರೋನ ಹತ್ರ ಮಸಿಯ ಸುಳ್ಳು ನಡೆಯಲ್ಲ. ನಾನು ಬೇಡ ಅನ್ನೋದಾದ್ರೆ ಬಾಯಿಬಿಟ್ಟು ಹೇಳು.” ನಗುತ್ತಲೇ ಶುರುಮಾಡಿದ ಮಾತು. ಮುಗಿಯುವಷ್ಟರಲ್ಲಿ ಅವನ ನೋಟ ನನ್ನ ಮುಖ ಬಿಟ್ಟು ಕುಡಿಕೆಯೊಳಗೆ ಇಳಿದಿತ್ತು.

ಹೇಳಿಬಿಟ್ಟೆ. “ಮುಗಿಸಿದ್ರೆ ನಿಮ್ಮನೆಗೆ ಬರಬೇಕು. ಅಪ್ಪಂಗೆ ಓದಿ ಹೇಳೋರು ಯಾರು? ನೀರಿನ ಹೂಜಿ ಎಲ್ಲಿದೆ ಅಂತ ತೋರಿಸೋರು ಯಾರು?”

ಅವನು ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಬೆರಳಲ್ಲಿ ಬೇರಿನ ಮಣ್ಣು ಕೆದಕಿದ. ಆಮೇಲೆ, “ಇದನ್ನ ಕಿತ್ತು ನಮ್ಮನೇಲಿ ನೆಟ್ರೆ?”

“ಲೆಕ್ಕ ಮತ್ತೆ ಮೊದಲಿಂದ. ಇನ್ನೂ ಮೂರು ವರ್ಷ.”

“ಅಯ್ಯೋ, ನನ್ನ ಕೈಲಾಗಲ್ಲಮ್ಮ! ಆ ಸಾಬಿಯರ ಮಂತ್ರದ ನೀರು ಹುಡುಕಬೇಕಾಗತ್ತೆ.” ಮಣ್ಣು ಕೊಡವಿಕೊಂಡು ಎದ್ದ. “ಗಿಡ ಬರಲ್ಲ ಅಂದ್ರೆ ನಾನೇ ಬರ್ತೀನಿ. ಮಸಿ ಕಾಸೋಕೆ ನಿಮ್ಮ ಹಿತ್ತಲು ಸಾಕು.”

ಒಳಗಿಂದ ಅಪ್ಪ ಕೆಮ್ಮಿದರು. “ಹೊಗೆ ಬಂದ್ರೆ ಬೈತೀನಿ. ಬೈಸ್ಕೊಳ್ಳೋದಾದ್ರೆ ಬಾರಪ್ಪ.”

ಲೇಖನಿ ಅದ್ದಿದೆ. ಪೆರಹ್ಯಾ ಪಕ್ಕದಲ್ಲಿ ಹಣ್ಣು ಬಿಡಿಸುತ್ತ ಕೂತ. ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ಸೂರ್ಯ ಮುಳುಗುವ ಮೊದಲು ಕೊನೆಯ ಸಾಲು ಬರೆದು, ಮಸಿ ಆರಲು ಮರಳು ಉದುರಿಸಿ, ಹಾಳೆಯನ್ನು ಅಪ್ಪನ ಕೈಗಿಟ್ಟೆ. ಅವನು ಮೊದಲ ಹಿಡಿ ಕಾಳನ್ನು ನನ್ನ ಮಸಿಗೈಗೆ ಸುರಿದ.

ಅಪ್ಪ ಹಾಳೆಯ ಅಂಚು ಸವರುತ್ತ, “ಮುಗೀತೇನೆ?” ಅಂದರು.

ನನ್ನ ಬಾಯಿ ತುಂಬ ದಾಳಿಂಬೆ. ಉತ್ತರ ಅವನೇ ಕೊಟ್ಟ.

“ಮುಗೀತು, ಮಾವ.”