ಬ್ಯಾಡಗಿಯಲ್ಲಿ ಏರಲೊಲ್ಲದ ಮುಳ್ಳು

"ನನ್ನ ಮಗಾ ಕಳ್ಳ ಅಲ್ರಿ, ಬಾಯಾರ!" ಎನ್ನುತ್ತ ಕುಲ್ಸುಮಬಿ ಹಾವೇರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತಾಗ ನಾನು ಕೋರ್ಟಿಗೆ ಹೊರಟು ನಿಂತಿದ್ದೆ.

ನನ್ನ ಮೌಶಿ, ಅಂದರೆ ಚಿಕ್ಕಮ್ಮ, ಅನಸೂಯಾಬಾಯಿ ಆಕೆಗೆ ನೀರು ಕೊಟ್ಟು, ಪೂರ್ತಿ ಕತೆ ಕೇಳಿಸಿಕೊಂಡರು. ಕುಲ್ಸುಮಬಿಯ ಮಗ ಜಾವೇದ ಬ್ಯಾಡಗಿಯಲ್ಲಿ ಮಾಲತೇಶಪ್ಪನ ಪಂಕ್ಚರ್ ಅಂಗಡಿಯ ಮೇಸ್ತ್ರಿ. ರಾಣೆಬೆನ್ನೂರಿನಲ್ಲಿ ಸ್ವಂತ ಅಂಗಡಿ ಹಾಕಲು ಚಮನಸಾಬರ ಜಾಗ ಗೊತ್ತುಮಾಡಿಕೊಂಡಿದ್ದ. ದಸರೆಗೆ ಮುಂಚೆ ಮಾಲೀಕನ ಕಂಪ್ರೆಸರಿಗೆ ಎಳೆದುಕೊಂಡ ಗಾಳಿಯನ್ನು ಹಿಂದೆ ಬಿಡದಂತೆ ತಡೆಯುವ ಹೊಸ ವಾಲ್ವ್ ಪ್ಲೇಟ್ ಹಾಕಿ, ಹಬ್ಬಕ್ಕೆ ಗುತ್ತಲದ ಅತ್ತೆಮನೆಗೆ ಹೋದ. ಹಬ್ಬ ಮುಗಿದ ಮೇಲೆ ಮಾಲತೇಶಪ್ಪ ಶುರು ಮಾಡಿದರೆ ಕಂಪ್ರೆಸರಿನಲ್ಲಿ ಗಾಳಿಯೇ ತುಂಬಲೊಲ್ಲದು.

"ಹೊಸಾ ಪ್ಲೇಟ್ ಮಾರಿಕೊಂಡು ಹಳೇದು ಕುಂದ್ರಿಸ್ಯಾನ ಅಂತಾರ್ರಿ. ಮಷಿನ್ನಿಗೆ ಕೈ ಹಚ್ಚಾಕೂ ಬಿಡವಲ್ಲರು. ಚಮನಸಾಬರಿಗೂ ಫೋನ್ ಮಾಡಿ ಕಳ್ಳ ಅಂದಾರ. ಸಂಜೀಕ ಆ ಜಾಗಾ ಬ್ಯಾರೇದವರಿಗೆ ಹೋಗತೈತ್ರಿ!"

"ಋಷಿಕೇಶ, ಕರೀ ಕೋಟು ತಗದಿಡು," ಎಂದರು ಮೌಶಿ. "ಇವತ್ತ ನಿನ್ನ ಕೋರ್ಟ್ ಬ್ಯಾಡಗ್ಯಾಗ ಅದ."

ಊರಿನಲ್ಲಿ ಏನೇ ಕಳೆಯಲಿ, ಜನ ಪೊಲೀಸರಿಗಿಂತ ಮೊದಲು ಹುಡುಕುವುದು ಮೌಶಿಯನ್ನು. ನಾನು ಹೆಸರಿಗೆ ವಕೀಲ, ಕೆಲಸದಲ್ಲಿ ಅವರ ಸ್ಕೂಟರಿನ ಡ್ರೈವರ್. ಕುಲ್ಸುಮಬಿಯನ್ನು ಬಸ್ಸು ಹತ್ತಿಸಿ ನಾವೂ ಹೊರಟೆವು.

ಮಾಲತೇಶಪ್ಪನ ಅಂಗಡಿಯಲ್ಲಿ ಆ ಪುಟ್ಟ ಕಂಪ್ರೆಸರು ಮದುಮಗನ ಠೀವಿಯಲ್ಲಿ ನಿಂತಿತ್ತು. ತಲೆಯಿಂದ ಗಾಲಿಯವರೆಗೆ ಮಿರಿಮಿರಿ ನೀಲಿ ಬಣ್ಣ, ಹಣೆಗೆ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ಕುಂಕುಮ, ಕೊರಳಿಗೆ ಬಾಡಿದ ಚೆಂಡುಹೂವಿನ ಮಾಲೆ.

"ಖಂಡೇ ಪೂಜಾಕ್ಕ ಮುಂಚೆ ಛಲೋ ಇತ್ತೇನ್ರಿ?" ಮೌಶಿ ಕೇಳಿದರು.

"ಹಿಂದಿನ ದಿನದ ತನಕಾ ಚಲೋನ ನಡದೈತ್ರಿ. ಆಮ್ಯಾಲ ಬಣ್ಣ ಹಚ್ಚಿ, ಪೂಜಾ ಮಾಡಿ ಸುಮ್ಮನ ಬಿಟ್ಟಿದ್ವಿ."

ಎನ್ನುತ್ತ ಮಾಲತೇಶಪ್ಪ ಗುಂಡಿ ಒತ್ತಿದ. ಮೋಟರು ತಿರುಗಿತು, ಬೆಲ್ಟು ಓಡಿತು. ಒತ್ತಡ ತೋರಿಸುವ ಮುಳ್ಳು ಮಾತ್ರ ಚೂರು ಮೇಲೆದ್ದು ಅಲ್ಲೇ ಕುಳಿತುಬಿಟ್ಟಿತು. ಮೌಶಿ ನನ್ನಿಂದ ಒಂದೊಂದು ಜೋಡಣೆಗೂ ಸಾಬೂನು ನೀರು ಹಚ್ಚಿಸಿದರು. ನನ್ನ ಅಂಗಿ ತೊಯ್ದಿತೇ ಹೊರತು ಎಲ್ಲಿಯೂ ಗುಳ್ಳೆ ಏಳಲಿಲ್ಲ. ಯಂತ್ರ ನಿಲ್ಲಿಸಿದ ಮೇಲೂ ಮುಳ್ಳು ಇದ್ದಲ್ಲೇ ಇತ್ತು.

ಮಾಲತೇಶಪ್ಪನ ಹೆಂಡತಿ ನಿರ್ಮಲಾ ಚಹಾ ತಂದಳು. "ಪೂಜಾ ಆದಾಗಿಂದ ಭಾಳ ಶಾಂತ ಆಗೇತ್ರಿ ಇದು. ಮೊದಲ ಇದರ ಗದ್ದಲದಾಗ ಫೋನಿನ್ಯಾಗ ಮಾತಾಡಾಕ ಬರತಿದ್ದಿಲ್ಲ."

"ಬಣ್ಣಾನೂ ಛಂದ ಆಗೇದ. ಯಾರು ಹಚ್ಚಿದ್ದು?"

"ನಾನರಿ," ಮಾಲತೇಶಪ್ಪ ಎದೆಯುಬ್ಬಿಸಿದ. "ಪ್ರತಿ ವರ್ಷ ಜಾವೇದ ಹಚ್ಚತಿದ್ದ. ಬಿಟ್ಟು ಹೋಗಾವನ ಕೈ ಯಾಕ ಬೇಕು? ಈ ಸಲ ನಾನ ಎರಡೆರಡು ಸಲ ಬಳದೇನಿ. ಬೆರಳಿನಷ್ಟೂ ಜಾಗಾ ಬಿಟ್ಟಿಲ್ಲ."

ನಾನು ಮೌಶಿಯ ಕಿವಿಯಲ್ಲಿ, "ಮ್ಯಾಲಿನ ಹೆಡ್ ಬಿಚ್ಚಿಸ್ರಿ, ಪ್ಲೇಟ್ ಅದರೊಳಗ ಇರತದ. ಹಳೇ ಪ್ಲೇಟ್ ಸಿಕ್ಕರ ಜಾವೇದನ ಕಥಿ ಮುಗೀತು," ಎಂದೆ. ಮೌಶಿ ನಕ್ಕುಬಿಟ್ಟರು. ಆ ನಗು ಬಂತೆಂದರೆ ನನ್ನ ವಾದ ಬಿದ್ದಂತೆಯೇ.

"ಏನೂ ಬಿಚ್ಚೂದು ಬ್ಯಾಡ. ಜಾವೇದನ್ನ ಕರೀ."

ಎದುರಿನ ಚಹಾದಂಗಡಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಜಾವೇದ ತಾಯಿಯೊಡನೆ ಬಂದು ನಿಂತ. ಮೌಶಿ ಎಲ್ಲರನ್ನೂ ಯಂತ್ರದ ಸುತ್ತ ನಿಲ್ಲಿಸಿದರು.

"ಗಾಳಿ ಸೋರತಿದ್ರ ಸಾಬಾಣದ ನೀರಾಗ ಗುಳ್ಳಿ ಏಳತಿದ್ದವು, ಮುಳ್ಳು ಕೆಳಗಿಳೀತಿತ್ತು. ಎರಡೂ ಆಗಲಿಲ್ಲ. ಅಂದ್ರ ಒಳಗ ಹೋದ ಗಾಳಿ ಹೊರಗ ಬಂದಿಲ್ಲ."

"ಪ್ಲೇಟ್ ಕೆಟ್ಟಿದ್ರ?" ನಾನು ಬಿಡಲಿಲ್ಲ.

"ಎಳಕೊಂಡ ಗಾಳೀನ ಹೊಳ್ಳಿ ಉಗುಳತಿತ್ತು. ಆವಾಗ ಗದ್ದಲ ಆಗತದ, ಶಾಂತಿ ಅಲ್ಲ. ಮ್ಯಾಲ, ಅದ ಪ್ಲೇಟಿನ ಮ್ಯಾಲ ಪೂಜಾದ ಹಿಂದಿನ ದಿನದ ತನಕಾ ಮಷಿನ್ ನಡದದ. ಇದರ ಗದ್ದಲಾ ಅಂದ್ರ ಬಹಳಷ್ಟು ಗಾಳಿ ಎಳಕೊಳ್ಳೋ ಸಪ್ಪಳ. ಅದ ನಿಂತದ ಅಂದ್ರ, ಒಳಗ ಗಾಳೀನ ಹೋಗವಲ್ದು. ಜಾವೇದ, ಇದರ ಮೂಗು ಎಲ್ಲಿ ಅದ ತೋರಸು."

ಜಾವೇದ ಹೆಡ್ಡಿನ ಪಕ್ಕದ ತಗಡಿನ ಡಬ್ಬಿಗೆ ಕೈಯಿಟ್ಟವನೇ "ಯಾ ಅಲ್ಲಾ!" ಎಂದ. ಗಾಳಿ ಸೋಸುವ ಫಿಲ್ಟರ್ ಅದು. ತಿರುಗಿಸಿ ತೆಗೆದು ಬೆಳಕಿಗೆ ಹಿಡಿದ. ಅದರ ಸಣ್ಣ ತೂತುಗಳೆಲ್ಲ ನೀಲಿ ಬಣ್ಣದಲ್ಲಿ ಮುಚ್ಚಿಹೋಗಿದ್ದವು.

"ನಾ ಬಣ್ಣ ಹಚ್ಚೂವಾಗ ಇದಕ್ಕ ಮೊದಲ ಪ್ಲಾಸ್ಟಿಕ್ ಕಟ್ಟತಿದ್ದೆ," ಎಂದ ಮೆಲ್ಲಗೆ.

ಮೌಶಿ ಗುಂಡಿ ಒತ್ತಿದರು. ಯಂತ್ರ ಒಮ್ಮೆಲೇ ಅಬ್ಬರಿಸಿತು. ಮುಳ್ಳು ಸರಸರನೆ ಏರಿತು, ಗಾಳಿ ತುಂಬಿ ಮೋಟರು ತಾನಾಗಿಯೇ ನಿಂತಿತು. ನನಗೆ ಸೋತ ಬೇಸರಕ್ಕಿಂತ ಖುಷಿಯೇ ಹೆಚ್ಚಾಯಿತು.

ಮಾಲತೇಶಪ್ಪ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ನೀಲಿ ಬಣ್ಣವನ್ನು ನೋಡಿಕೊಂಡ. "ಭಕ್ತೀಲೆ ಹಚ್ಚಿದ್ನೆರಿ..."

"ಭಕ್ತಿ ಅಲ್ಲ, ಸಿಟ್ಟೀಲೆ ಹಚ್ಚೀರಿ," ಎಂದರು ಮೌಶಿ. "ಈಗ ಫೋನ್ ತಗೀರಿ."

ಎಲ್ಲರಿಗೂ ಕೇಳುವಂತೆ ಅವನು ಮಾತಾಡಿದ. "ಚಮನಸಾಬರ, ನಾ ಹೇಳಿದ್ದು ಸುಳ್ಳರಿ. ತಪ್ಪು ನಂದು. ಜಾವೇದನಂಥಾ ಮನಶಾ ನಿಮಗ ಸಿಗಾಂಗಿಲ್ಲ. ಜಾಗಾ ಅವಂಗ ಕೊಡ್ರಿ."

"ಲಗೂ ಕಳಸ್ರಿ ಹಂಗಾದ್ರ. ಕೀಲಿ ಕೈಯಾಗ ಹಿಡಕೊಂಡ ಕುಂತೇನಿ," ಎಂದಿತು ಆ ಕಡೆಯ ದನಿ. ಕುಲ್ಸುಮಬಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಮಾಲತೇಶಪ್ಪ ಜಾವೇದನ ಹೆಗಲು ಹಿಡಿದ. "ನೀ ಬಿಟ್ಟು ಹೊಕ್ಕೀ ಅಂತ ಭಾಳ ಸಂಕಟ ಆಗಿತ್ತಪಾ. ಅದನ್ನ ಹೇಳಾಕ ಬರಲಿಲ್ಲ, ಕಳ್ಳ ಅಂದೆ. ಬರೋ ವರ್ಷ ಖಂಡೇ ಪೂಜಾಕ್ಕ ಬರತೀಯಿಲ್ಲೋ?"

ಜಾವೇದ ಬಣ್ಣ ಮೆತ್ತಿದ ಫಿಲ್ಟರನ್ನು ಅವನ ಕೈಗಿಟ್ಟ. ಆಮೇಲೆ, "ಬರತೇನ್ರಿ, ಮಾಲಕರ. ನಾ ಬರೂತನಕಾ ನೀವು ಬ್ರಷ್ ಮಾತ್ರ ಮುಟ್ಟಬ್ಯಾಡ್ರಿ," ಎಂದ.

ಮಾಲತೇಶಪ್ಪ ಗಟ್ಟಿಯಾಗಿ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ, ಆ ನೀಲಿ ಉಗುರಿನ ಕೈಯಿಂದಲೇ.