ಮೂರನೇ ಕ್ರಾಸಿನ ಒಂಟಿ ರಾಣಿಯರು

ರಾಣಿ ಇದ್ದಳು. ರಾಜ ಇರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಗೊಂಬೆಗಳ ಮುಂದೆ ದೀಪ ಹಚ್ಚಲು ಬಂದ ವೆಂಕಟರಮಣಪ್ಪ ಕಡ್ಡಿ ಗೀರುವುದನ್ನೇ ಮರೆತರು. ಮೇಲಿನ ಮೆಟ್ಟಿಲಲ್ಲಿ ಅವರ ಅಜ್ಜಿಯ ಕಾಲದ ಪಟ್ಟದ ಗೊಂಬೆಗಳು. ಮದುವೆಯಲ್ಲಿ ತಾಯಿ ಮಗಳಿಗೆ ಕೊಡುವ ಮರದ ಜೋಡಿ. ಎಂಟು ದಿನದಿಂದ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಈಗ ರಾಣಿಯ ಪಕ್ಕದಲ್ಲಿ, ಬಿಳಿ ಬಟ್ಟೆಯ ಮೇಲೆ, ಗುಂಡನೆಯ ಒಂದು ಗುರುತು ಮಾತ್ರ ಉಳಿದಿತ್ತು.

ಅವರು ಕೂಗಿದ್ದು ಬಸವೇಶ್ವರನಗರದ ಆ ಮೂರನೇ ಕ್ರಾಸಿಗೆಲ್ಲ ಕೇಳಿಸಿತು. ಎದುರುಮನೆಯಾಕೆ ಒದ್ದೆ ಕೈಯಲ್ಲೇ ಓಡಿ ಬಂದಳು.

"ಸಾರ್, ನಮ್ಮನೇಲೂ ಇಲ್ಲ!"

ಹತ್ತು ನಿಮಿಷದಲ್ಲಿ ವಿಷಯ ತಿಳಿಯಿತು. ಐದು ಮನೆಯಿಂದ ಐದು ರಾಜರು ಹೋಗಿದ್ದರು. ರಾಣಿಯರನ್ನು ಯಾರೂ ಮುಟ್ಟಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ವರಲಕ್ಷ್ಮಿ ಒಂಬತ್ತಕ್ಕೆ ಬಂದಳು. ಠಾಣೆಯ ಜೀಪಿಗೆ ಹಚ್ಚಿದ ಅರಿಶಿನ ಇನ್ನೂ ಉಗುರಲ್ಲಿತ್ತು.

"ಇನ್ಸ್‌ಪೆಕ್ಟರ್ ಬರಲ್ವೇನಮ್ಮಾ?"

"ಅವರು ಕುಂಬಳಕಾಯಿ ಒಡೀತಿದಾರೆ ಸಾರ್. ಗೊಂಬೆಗೆ ನಾನು ಸಾಕು."

"ಬರೀ ಗೊಂಬೆ ಅಲ್ಲಮ್ಮಾ ಅದು. ನಮ್ಮಜ್ಜಿ ಜೊತೆ ಬಂದಿದ್ದು."

"ಗೊತ್ತು ಸಾರ್. ನಮ್ಮನೇಲೂ ಇದೆ. ನಮ್ ರಾಜಂಗೆ ಮೂಗಿಲ್ಲ. ಆದ್ರೂ ಮೇಲಿನ ಮೆಟ್ಲೇ."

ವರಲಕ್ಷ್ಮಿ ಬಗ್ಗಿ ಮೆಟ್ಟಿಲಿನ ಬಟ್ಟೆ ನೋಡಿದಳು. ನಾಲ್ಕನೇ ಮೆಟ್ಟಿಲಿನ ಅಂಚಿನಲ್ಲಿ ಎಣ್ಣೆಯ ಕಲೆ. ಮೂರು ಬೆರಳಿನ ಗುರುತು, ಸಣ್ಣವು. ಮೂಸಿದಳು. ಕೋಡುಬಳೆ.

"ಬೀಗ ಒಡೆದಿದ್ಯಾ?"

"ಇಲ್ಲ."

"ನಾಯಿ ಬೊಗಳ್ತಾ?"

"ಇಲ್ಲಮ್ಮಾ. ಆದ್ರೆ ಕಳ್ಳ ಯಾರು ಅಂತ ನನಗೊತ್ತು. ಬೈರಯ್ಯ. ಹೋದ ವಾರ ಬಂದು, ಹಳೇ ಗೊಂಬೆ ಕೊಡ್ತೀರಾ ಅಂತ ಕೇಳ್ದ."

* * *

ಬೈರಯ್ಯ ಹಳೆ ಸಾಮಾನು ಕೊಳ್ಳುವವನು. ತಳ್ಳುಗಾಡಿ ತೊಳೆದು, ಬಾಳೆಕಂಬ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ.

"ಕೇಳಿದ್ದು ನಿಜ ಮೇಡಂ. ಕೊಡಲ್ಲ ಅಂದ್ರು, ಬಂದೆ."

"ಐದು ರಾಜರು ಹೋಗಿದಾರೆ."

"ರಾಣಿಯರು?"

"ಇದಾರೆ."

ಬೈರಯ್ಯ ನಕ್ಕ. "ಜೊತೆ ಒಡೆದ ಗೊಂಬೆ ಯಾರು ತಗೋತಾರೆ ಮೇಡಂ? ನಾನು ಕದ್ರೆ ಇಬ್ರನ್ನೂ ಕದೀತೀನಿ. ಬುದ್ಧಿ ಇಲ್ದಿರೋರ ಕೆಲಸ ಇದು."

ಗಾಡಿಗೆ ಕುಂಕುಮ ಇಡುತ್ತ ಅವನೇ ಮತ್ತೆ ಹೇಳಿದ.

"ಇನ್ನೊಂದ್ ಮನೆ ನೋಡಿದ್ರಾ? ಹಸಿರು ಗೇಟು. ಅಲ್ಲಿ ರಾಜ ಹೋಗಿ ಮೂರ್ ದಿನ ಆಯ್ತಂತೆ. ಮಗು ಊಟ ಬಿಟ್ಟೈತಂತೆ. ಅವರ್ಯಾಕೆ ಕಂಪ್ಲೇಂಟ್ ಕೊಟ್ಟಿಲ್ಲ?"

* * *

ಹಸಿರು ಗೇಟಿನೊಳಗೆ ಬೂದು ಹೊದಿಕೆ ಹೊದ್ದ ಒಂದು ಸ್ಕೂಟರ್ ನಿಂತಿತ್ತು. ಬೀದಿಯ ಗಾಡಿಗಳೆಲ್ಲ ಮಿಂದು ಹೂ ಮುಡಿದಿದ್ದವು. ಇದಕ್ಕೆ ನೀರು ಬಿದ್ದಿರಲಿಲ್ಲ.

ಬಾಗಿಲಲ್ಲಿ ಮಾವಿನೆಲೆ ಇರಲಿಲ್ಲ.

ಹಾಲ್‌ನಲ್ಲಿ ಗೊಂಬೆ ಮೆಟ್ಟಿಲು ಇತ್ತು. ಮೇಲೆ ಒಂಟಿ ರಾಣಿ. ಕಳಶವಿಲ್ಲ, ದೀಪವಿಲ್ಲ. ಮೆಟ್ಟಿಲಿನ ಮುಂದೆ ಆರು ವರ್ಷದ ಹುಡುಗಿ ಕುಳಿತಿದ್ದಳು. ಪಕ್ಕದಲ್ಲಿ ಆರಿಹೋದ ಅನ್ನದ ತಟ್ಟೆ.

"ನಿನ್ ಹೆಸರೇನು ಪುಟ್ಟಿ?"

"ಕೀರ್ತನಾ. ನೀವು ರಾಜನ್ನ ಹುಡುಕೋಕೆ ಬಂದ್ರಾ?"

"ಹೂಂ. ಊಟ ಯಾಕೆ ಮಾಡಿಲ್ಲ?"

"ರಾಜ ಬಂದ್ಮೇಲೆ ಮಾಡ್ತೀನಿ. ಅವನೂ ಹೇಳ್ದೆ ಹೋದ."

"ಅವನೂ ಅಂದ್ರೆ?"

"ಅಪ್ಪ ದುಬೈಗೆ ಹೋಗಿದಾರೆ."

ಅವಳ ಅಮ್ಮ ಕುಸುಮಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮೂವತ್ತೆರಡೋ ಮೂವತ್ತಮೂರೋ ಇರಬೇಕು. ಹಣೆಯಲ್ಲಿ ಕುಂಕುಮ, ಕತ್ತಿನಲ್ಲಿ ತಾಳಿ. ಮುಖದಲ್ಲಿ ಏನೂ ಇಲ್ಲ.

"ಗೊಂಬೆ ಯಾವಾಗ ಹೋಯ್ತಮ್ಮಾ?"

"ಗೊತ್ತಿಲ್ಲ."

"ಹುಡುಕಿದ್ರಾ?"

ಕುಸುಮಾ ಅಡುಗೆಮನೆಯೊಳಗೆ ತಿರುಗಿದಳು. ಅತ್ತೆ ಅಕ್ಕಯ್ಯಮ್ಮ ವರಲಕ್ಷ್ಮಿಯ ತೋಳು ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಮುಂದೆ ಮಾಡಿದರು.

"ಬಿಟ್ಬಿಡವ್ವಾ. ನಾನೇ ತೆಗ್ದೆ."

"ಯಾಕೆ?"

"ಸುಮ್ನೆ. ವಯಸ್ಸಾಯ್ತು ನಂಗೆ. ಎಲ್ಲಿಟ್ಟೆ ಅಂತ ಮರ್ತೋಯ್ತು."

ವರಲಕ್ಷ್ಮಿ ಆಕೆಯನ್ನು ನೋಡಿದಳು. ಮೆಟ್ಟಿಲಿನ ಮೂರನೇ ಸಾಲಿಗೂ ಕೈ ಎಟುಕದ ಎತ್ತರ. ಮಂಡಿಗೆ ಪಟ್ಟಿ ಸುತ್ತಿತ್ತು. ಮಂಚದ ಮೇಲೆ ಸೂಜಿ ಚುಚ್ಚಿದ ಒಂದು ಪುಟ್ಟ ಪೇಟ ಬಿದ್ದಿತ್ತು. ರಾಣಿ ಉಟ್ಟ ಸೀರೆಯದೇ ಜರಿ. ಅರ್ಧ ಹೊಲಿದಿತ್ತು.

"ಇದು ಯಾರಿಗಜ್ಜಿ?"

ಅಕ್ಕಯ್ಯಮ್ಮ ಪೇಟವನ್ನು ಸೆರಗಿನೊಳಗೆ ಮುಚ್ಚಿಕೊಂಡರು.

* * *

ಉಳಿದ ನಾಲ್ಕು ಮನೆಯನ್ನೂ ನೋಡಿ ಬಂದ ವರಲಕ್ಷ್ಮಿಗೆ ಮಕ್ಕಳು ಪಾರ್ಕಿನಲ್ಲಿ ಸಿಕ್ಕರು. ವೆಂಕಟರಮಣಪ್ಪನವರ ಮೊಮ್ಮಗಳು ಸ್ಮೃತಿ, ಹನ್ನೊಂದು ವರ್ಷ. ಅವಳ ಹಿಂದೆ ಎದುರುಮನೆಯ ಆತ್ರೇಯ, ಎಂಟು ವರ್ಷ. ಅವನ ಹಿಂದೆ ಇನ್ನೂ ಮೂವರು. ಎಲ್ಲರೂ ಕಲ್ಲುಬೆಂಚಿನ ಕೆಳಗೆ ಏನನ್ನೋ ಹುಡುಕುತ್ತಿದ್ದರು.

"ಕೋಡುಬಳೆ ತಿಂದ ಕೈ ತೊಳೀಬೇಕು ಕಣೇ," ಎಂದಳು ವರಲಕ್ಷ್ಮಿ. "ಐದು ಮನೇಲೂ ಬೆರಳು ಬಿದ್ದಿದೆ. ಆಯಾ ಮನೇದು ಆಯಾ ಮನೆಯವರೇ ಕದ್ದಿದೀರಾ. ಅದಕ್ಕೇ ಯಾವ ನಾಯೀನೂ ಬೊಗಳ್ಲಿಲ್ಲ."

ಸ್ಮೃತಿ ಗಲ್ಲ ಎತ್ತಿದಳು.

"ಕದ್ದಿಲ್ಲ ಆಂಟಿ. ಕಳ್ಸಿದೀವಿ."

"ಎಲ್ಲಿಗೆ?"

"ಕೀರ್ತನಾ ಮನೆ ರಾಜನ್ನ ಹುಡುಕೋಕೆ."

"ರಾಜನ್ನ ರಾಜರೇ ಹುಡುಕ್ಬೇಕು," ಎಂದ ಆತ್ರೇಯ. "ಪೊಲೀಸ್ನೋರ ಕೈಲಿ ಆಗಲ್ಲ."

"ಥ್ಯಾಂಕ್ಸ್ ಕಣೋ."

"ಲೀವ್ ಲೆಟರ್ ಕೂಡ ಬರ್ದಿದ್ವಿ. ಇಡೋಕೆ ಮರ್ತೋದ್ವಿ."

ಅವನು ಜೇಬಿನಿಂದ ಮಡಿಸಿದ ಹಾಳೆ ತೆಗೆದುಕೊಟ್ಟ. 'ಮಾನ್ಯ ರಾಣಿಯವರಿಗೆ, ರಾಜರಿಗೆ ತುರ್ತು ಕೆಲಸ ಇರುವುದರಿಂದ ಎರಡು ದಿನ ರಜೆ ನೀಡಬೇಕಾಗಿ ವಿನಂತಿ.'

ನಿನ್ನೆ ಸಾಯಂಕಾಲ, ಗೊಂಬೆ ನೋಡುವ ನೆಪದಲ್ಲಿ ಮನೆಮನೆ ಸುತ್ತುವಾಗ ರಾಜರನ್ನು ತಂದಿದ್ದರು. ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಒಬ್ಬೊಬ್ಬ ರಾಜನಿಗೂ ಕರವಸ್ತ್ರದ ಚೂರಿನಲ್ಲಿ ಕೊಬ್ಬರಿ ಮಿಠಾಯಿಯ ಬುತ್ತಿ. ಕೀರ್ತನಾಳನ್ನೂ ಕರೆತಂದು ತೋರಿಸಿದ್ದರು. ಆಮೇಲೆ ಅವಳು ಮನೆಗೆ ಹೋಗಿ ಅರ್ಧ ಲೋಟ ಹಾಲು ಕುಡಿದಿದ್ದಳು. ಈಗ ಬೆಂಚು ಬರಿದಾಗಿತ್ತು.

"ನಿಜವಾಗ್ಲೂ ಹೋಗ್ಬಿಟ್ಟಿದಾರೆ ಆಂಟಿ," ಎಂದಳು ಸ್ಮೃತಿ. "ತಾತ ನನ್ನ ಕೊಂದೇ ಹಾಕ್ತಾರೆ."

ವರಲಕ್ಷ್ಮಿ ಅವಳನ್ನು ಪಕ್ಕಕ್ಕೆ ಕರೆದಳು.

"ಕೀರ್ತನಾ ಅಪ್ಪ ಹೋಗಿ ಎಷ್ಟು ದಿನ ಆಯ್ತು?"

"ದುಬೈಗಾ?"

"ಅಲ್ಲ."

ಸ್ಮೃತಿಯ ಕಣ್ಣು ತುಂಬಿತು. "ನಿಮಗ್ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಸಾವಾದ ಮನೇಲಿ ವರ್ಷ ತುಂಬೋವರೆಗೆ ಹಬ್ಬ ಮಾಡಲ್ಲ. ತೋರಣ ಕಟ್ಟಲ್ಲ, ಕಳಶ ಇಡಲ್ಲ. ಅಲ್ಲಿ ಅದ್ಯಾವ್ದೂ ಇಲ್ಲ. ಗೊಂಬೆ ಮಾತ್ರ ಇದೆ. ಗೊಂಬೆ ಕೂರಿಸ್ದಿದ್ರೆ, ಅಮ್ಮ ತಾಳಿ ತೆಗೆದ್ರೆ ಮಗು ಯಾಕೆ ಅಂತ ಕೇಳುತ್ತಲ್ಲ, ಅದಕ್ಕೆ."

"ಮಾರ್ಚಲ್ಲಿ," ಎಂದಳು ಸ್ಮೃತಿ. "ಯೋಗಾನಂದ ಅಂಕಲ್ ಆಫೀಸಲ್ಲೇ ಬಿದ್ಬಿಟ್ರಂತೆ. ಅವಳನ್ನ ತುಮಕೂರಿಗೆ, ಅವಳ ಸೋದರತ್ತೆ ಮನೆಗೆ ಕಳ್ಸಿದ್ರು. ಬರೋಷ್ಟೊತ್ತಿಗೆ ಎಲ್ಲಾ ಮುಗ್ದಿತ್ತು. ನಮಗೆಲ್ಲಾ ಗೊತ್ತು ಆಂಟಿ. ಅವಳಿಗೊಬ್ಳಿಗೇ ಗೊತ್ತಿಲ್ಲ. ಬಾಯ್ ಬಿಟ್ರೆ ನೋಡು ಅಂದಿದಾರೆ ತಾತ."

ಅಷ್ಟರಲ್ಲಿ ಪಾರ್ಕು ನೋಡಿಕೊಳ್ಳುವ ಮುನಿಯಣ್ಣ ಬಂದ.

"ಮೇಡಂ, ಸಾಯಂಕಾಲ ಗೇಟಿಗೆ ಬೀಗ ಹಾಕುವಾಗ ಗೊಂಬೆ ಇದ್ವು. ಬೆಳಿಗ್ಗೆ ನಾನೇ ಬೀಗ ತೆಗೆದೆ. ಇರ್ಲಿಲ್ಲ. ಆದ್ರೆ ಇಲ್ನೋಡಿ."

ರಾತ್ರಿಯ ತುಂತುರಿಗೆ ಮಣ್ಣು ಮೆತ್ತಗಾಗಿತ್ತು. ಬೆಂಚಿನಿಂದ ಗೇಟಿನವರೆಗೆ ಬಾಟಲಿ ಮುಚ್ಚಳದಷ್ಟು ಗುಂಡನೆಯ ಗುರುತುಗಳು. ಒಂದರ ಹಿಂದೆ ಒಂದು. ಐದು ಸಾಲು. ಗೇಟಿನ ಸಂದಿಯಲ್ಲಿ ನುಸುಳಿ ರಸ್ತೆಗೆ ಇಳಿದಿದ್ದವು.

ಅವುಗಳ ಪಕ್ಕದಲ್ಲಿ ಮನುಷ್ಯರ ಹೆಜ್ಜೆ ಒಂದೂ ಇರಲಿಲ್ಲ.

ವರಲಕ್ಷ್ಮಿ ಬಹಳ ಹೊತ್ತು ನೋಡಿದಳು. ಫೋಟೋ ತೆಗೆಯಲು ಫೋನ್ ಎತ್ತಿದಳು. ತೆಗೆಯಲಿಲ್ಲ.

* * *

ರಸ್ತೆಯ ಡಾಂಬರಿನಲ್ಲಿ ಗುರುತು ಸಿಗಲಿಲ್ಲ. ಹಸಿರು ಗೇಟಿನ ಸಿಮೆಂಟಿನ ಮೇಲೆ ಮತ್ತೆ ಸಿಕ್ಕಿತು. ಒಣಗಿದ ಮಣ್ಣಿನ ಬಿಲ್ಲೆಗಳು, ಸ್ಕೂಟರಿನವರೆಗೆ.

ಅವಳು ಬೂದು ಹೊದಿಕೆ ಎತ್ತಿದಳು.

ಕಾಲಿಡುವ ಜಾಗದಲ್ಲಿ ಐದು ರಾಜರು ನಿಂತಿದ್ದರು. ತಳದಲ್ಲಿ ಕೆಸರು. ಬುತ್ತಿಗಳು ಬಿಚ್ಚಿದ್ದವು, ಖಾಲಿ. ಐವರ ಮುಖವೂ ಸೀಟಿನ ಕಡೆಗಿತ್ತು.

"ಕುಸುಮಾ, ಕೀಲಿ ಕೊಡಿ."

ಕುಸುಮಾ ಹೊರಗೆ ಬಂದಿದ್ದಳು. ಐದು ಗೊಂಬೆಗಳನ್ನು ನೋಡಿದಳು. ಏನೂ ಕೇಳದೆ ಒಳಗೆ ಹೋಗಿ ಕೀಲಿ ತಂದು ತಾನೇ ಸೀಟು ಎತ್ತಿದಳು. ಒಳಗೆ ಗಂಡಸಿನ ಕರವಸ್ತ್ರದಲ್ಲಿ ಸುತ್ತಿದ ಆರನೇ ರಾಜ.

"ಹೆಂಗೆ ಗೊತ್ತಾಯ್ತು?"

"ಇವರನ್ನ ನೋಡೋಕ್ ಮುಂಚೆನೇ ನಿಮ್ ಮೇಲೆ ಅನುಮಾನ ಇತ್ತಮ್ಮಾ. ಕಳ್ದೋದ್ರೆ ಯಾರಾದ್ರೂ ಹುಡುಕ್ತಾರೆ. ನೀವು ಹುಡುಕ್ಲಿಲ್ಲ. ನಿಮ್ಮತ್ತೆ ನಾನೇ ತೆಗ್ದೆ ಅಂದ್ರು. ಅವರಿಗೆ ಮೇಲಿನ ಮೆಟ್ಲು ಎಟುಕಲ್ಲ. ಮೇಲಾಗಿ ಅವರು ಈ ರಾಜಂಗೆ ಹೊಸ ಪೇಟ ಹೊಲೀತಿದ್ರು. ಮಾಯ ಮಾಡೋರು ಪೇಟ ಹೊಲೀತಾರಾ? ನಿಮ್ಮನ್ನ ಕಾಯೋಕೆ ಸುಳ್ಳು ಹೇಳಿದ್ರು."

ಕುಸುಮಾ ರಾಜನನ್ನು ಎತ್ತಿಕೊಂಡಳು.

"ದಿನಾ ಇವನ ಹತ್ರ ಮಾತಾಡ್ತಿದ್ಳು. ನೀನು ರಾಣಿನ ಬಿಟ್ಟು ಹೋಗ್ಲಿಲ್ಲ ಅಲ್ವಾ, ನಮ್ಮಪ್ಪಂಗೂ ಸ್ವಲ್ಪ ಹೇಳು ಅಂತ. ನಾನು ಪಕ್ಕದಲ್ಲೇ ತರಕಾರಿ ಹೆಚ್ಚುತಾ ಕೇಳಿಸ್ಕೋಬೇಕು. ಮುರಿದು ಹಾಕೋಣ ಅಂತ ತೆಗ್ದೆ. ಮುರಿಯೋಕೂ ಆಗ್ಲಿಲ್ಲ."

"ಗೊಂಬೆ ನಿಮ್ದು. ಕದ್ರಿ ಅಂತ ಬರೆಯೋಕೆ ಬರಲ್ಲ. ಆದ್ರೆ ಮಗೂಗೆ ಸೇರಬೇಕಾದ್ದೊಂದನ್ನ ನೀವೇ ಇಟ್ಕೊಂಡಿದೀರಾ."

"ಆರು ವರ್ಷ ಅವಳಿಗೆ."

"ಮೂರ್ ದಿನದಿಂದ ಅನ್ನ ಮುಟ್ಟಿಲ್ಲ. ಇವತ್ತು ರಾಜ ಸಿಕ್ಕಿದ ಅಂತ ತಿಂತಾಳೆ. ನಾಳೆ ಅಪ್ಪ ಎಲ್ಲಿ ಅಂತಾಳೆ. ಆಮೇಲೆ?"

ಬಾಗಿಲಲ್ಲಿ ಕೀರ್ತನಾ ನಿಂತಿದ್ದಳು. ಅಮ್ಮನ ಕೈಯಲ್ಲಿ ರಾಜನನ್ನು ನೋಡಿದಳು. ಓಡಿ ಬರಲಿಲ್ಲ. ಗೇಟಿನ ಆಚೆ ನೋಡಿದಳು.

"ಇವನೊಬ್ನೇ ಬಂದ್ನಾ?"

ಕುಸುಮಾ ಸಿಮೆಂಟಿನ ಮೇಲೆ ಕುಳಿತಳು. ಮಗಳನ್ನು ಮುಂದೆ ನಿಲ್ಲಿಸಿಕೊಂಡಳು.

"ಪುಟ್ಟಿ, ಅಪ್ಪ ದುಬೈಗೆ ಹೋಗಿಲ್ಲ. ಅಮ್ಮ ಸುಳ್ಳು ಹೇಳ್ದೆ. ಅಪ್ಪ ಸತ್ತೋದ್ರು. ಮಾರ್ಚಲ್ಲಿ, ನಿನ್ನ ತುಮಕೂರಿಗೆ ಕಳ್ಸಿದ್ವಲ್ಲ, ಅವತ್ತು."

ಕೀರ್ತನಾ ಅಮ್ಮನ ಕೈಯ ಬಳೆಯೊಂದನ್ನು ಹಿಡಿದು ಹಿಂದೆ ಮುಂದೆ ಸರಿಸಿದಳು.

"ಅದಕ್ಕೇ ಫೋನ್ ಮಾಡ್ಲಿಲ್ವಾ?"

"ಹೂಂ."

"ಕೋಪ ಬಂದಿದ್ದಕ್ಕಲ್ವಾ?"

"ಯಾವ ಕೋಪ?"

"ಅವತ್ತು ಬೆಳಿಗ್ಗೆ ಅಪ್ಪ ಸ್ಕೂಟರಲ್ಲಿ ಒಂದು ರೌಂಡ್ ಹೋಗೋಣ ಬಾ ಅಂದ್ರು. ನಾನು ಟಿವಿ ನೋಡ್ತಿದ್ದೆ. ಬರಲ್ಲ ಹೋಗು ಅಂದೆ. ಅದಕ್ಕೇ ನನ್ನ ಬಿಟ್ಟು ಹೋದ್ರು ಅನ್ಕೊಂಡಿದ್ದೆ."

ಕುಸುಮಾ ಅವಳ ಎರಡೂ ಕೈ ಹಿಡಿದುಕೊಂಡಳು.

"ಇಲ್ಲ ಕಂದಾ. ಹನ್ನೊಂದ್ ಗಂಟೆಗೆ ನಂಗೆ ಫೋನ್ ಮಾಡಿದ್ರು. ಸಾಯಂಕಾಲ ಬೇಗ ಬರ್ತೀನಿ, ಪುಟ್ಟೀನ ಕರ್ಕೊಂಡು ಹೋಗ್ತೀನಿ, ರೆಡಿ ಮಾಡಿರು ಅಂದ್ರು. ನಗ್ತಾ ಇದ್ರು. ಕೋಪ ಇರ್ಲಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ಆಗ ಕೀರ್ತನಾ ಅತ್ತಳು. ಬಾಯಿ ತೆರೆದು, ಮೈಯೆಲ್ಲ ಅಲುಗುವಂತೆ. ಕುಸುಮಾ ಅವಳನ್ನು ಎದೆಗೆ ಒತ್ತಿಕೊಂಡು ತಾನೂ ಅತ್ತಳು. ಒಳಗಿನಿಂದ ಅಕ್ಕಯ್ಯಮ್ಮನ ದನಿ ಬಂತು. ಮಗನ ಹೆಸರು ಹಿಡಿದು ಕೂಗುತ್ತಿದ್ದರು.

ವರಲಕ್ಷ್ಮಿ ಐದು ರಾಜರನ್ನು ಟೋಪಿಯಲ್ಲಿ ತುಂಬಿಕೊಂಡು ಗೇಟಿನ ಹೊರಗೆ ಬಂದಳು. ವೆಂಕಟರಮಣಪ್ಪ ಏದುಸಿರು ಬಿಡುತ್ತ ಎದುರಾದರು.

"ಸಿಕ್ತೇನಮ್ಮಾ? ಯಾರು ಕಳ್ಳ? ಏನದು ಒಳಗೆ ಗಲಾಟೆ? ಅಯ್ಯೋ, ಮಗೂಗೆ ಗೊತ್ತಾಗ್ಬಿಡ್ತಾ? ದಾರಿ ಬಿಡಮ್ಮಾ, ಸಮಾಧಾನ ಮಾಡ್ತೀನಿ."

ವರಲಕ್ಷ್ಮಿ ಅವರ ರಾಜನನ್ನು ಅವರ ಕೈಯಲ್ಲಿಟ್ಟಳು. ಗೇಟಿಗೆ ಅಡ್ಡ ನಿಂತಳು.

"ಬೇಡ ಸಾರ್. ಅಳ್ಲಿ."

ಅವರು ನಿಂತರು. ಏಳು ತಿಂಗಳಿಂದ ಆ ಮನೆಯಲ್ಲಿ ಯಾರೂ ದನಿ ತೆಗೆದು ಅತ್ತಿರಲಿಲ್ಲ.